ಅಕ್ಕ ಎಳೆದ ಹೊರಗೆರೆ

ವಸ್ತುಸಂಗ್ರಹಾಲಯದ ಹಿಂಬದಿಯಲ್ಲೊಂದು ಉದ್ದನೆಯ ಕೋಣೆ. ಅಲ್ಲಿ ಒಂದೇ ಮೇಜಿಗೆ ಎದುರುಬದುರು ಕೂತು ಅಕ್ಕತಂಗಿಯರಿಬ್ಬರು ಕಲ್ಲುಗಳ ಚಿತ್ರ ಬರೆಯುತ್ತಿದ್ದರು. ಅವು ಕಬ್ಬಿಣ ಅಂದರೇನೆಂದು ಗೊತ್ತಿಲ್ಲದ ಕಾಲದವರು ಕಲ್ಲಿಗೆ ಕಲ್ಲು ಕುಟ್ಟಿ, ಚಕ್ಕೆ ಎಬ್ಬಿಸಿ ಮಾಡಿಕೊಂಡ ಕೈಗೊಡಲಿಗಳು. ಕೊಡಲಿಯೆಂದ ಮಾತ್ರಕ್ಕೆ ಅದಕ್ಕೆ ಕಾವು ಇರಲಿಲ್ಲ, ಅಂಗೈಯಲ್ಲೇ ಹಿಡಿಯಬೇಕು. ಬುಡ ದುಂಡಗೆ, ತುದಿ ಚೂಪು, ಎಡಬಲದ ಅಂಚುಗಳು ಒಂದನ್ನು ನೋಡಿ ಇನ್ನೊಂದನ್ನು ಮಾಡಿದ ಹಾಗೆ.

ಹೊರಗೆರೆ ಅಕ್ಕನದು, ಒಳಗೆರೆ ತಂಗಿಯದು. ಅಕ್ಕ ಕಲ್ಲನ್ನು ಮೊದಲು ಅಂಗೈಯಲ್ಲಿಟ್ಟು ತೂಗುವವಳಂತೆ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದಳು. ಆಮೇಲೆ ಕಾಗದದ ಮೇಲಿಟ್ಟು ಅಂಚಿನ ಸುತ್ತ ಪೆನ್ಸಿಲ್ ನಡೆಸುತ್ತಿದ್ದಳು, ಒಂದೇ ಉಸಿರಿಗೆ. ಚಕ್ಕೆ ಎದ್ದ ಒಂದೊಂದು ಗುಳಿಗೂ ಶಾಯಿಯಲ್ಲಿ ಸಣ್ಣ ಗೆರೆ ತುಂಬಿ ನೆರಳು ಕೊಡುವುದು ತಂಗಿಯ ಪಾಲು. ಮುಗಿದ ಮೇಲೆ ಅವಳು ಹಾಳೆಯನ್ನು ಅಕ್ಕನ ಕಡೆ ತಿರುಗಿಸಬೇಕು, ಅಕ್ಕ ನೋಡಿ "ಹೂಂ" ಅನ್ನಬೇಕು. ಆ ಹೂಂ ಬಾರದೆ ಯಾವ ಚಿತ್ರವೂ ಆ ಕೋಣೆಯಿಂದ ಹೊರಬಿದ್ದದ್ದಿಲ್ಲ. ಆಫೀಸಿನವರಿಗೆಲ್ಲ ಇವರು ಅಕ್ಕ, ತಂಗಿ, ಅಷ್ಟೇ. ಇಬ್ಬರಿಗಿಂತ ಹಿರಿಯನಾದ ಉಗ್ರಾಣದವನೂ ತಲೆ ನರೆತ ಇವಳನ್ನು ತಂಗಿ ಎಂದೇ ಕರೆಯುತ್ತಿದ್ದ.

ಅಕ್ಕ ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಹೋಗುವ ಮುಂಚಿನ ದಿನ ಒಂದು ಕಲ್ಲಿಗೆ ಹೊರಗೆರೆ ಎಳೆದಿಟ್ಟಿದ್ದಳು. ಮುಂದೆ ಬರಲಿದ್ದ ಪುಸ್ತಕಕ್ಕೆ ಉಳಿದ ಚಿತ್ರ ಅದೊಂದೇ. ತಂಗಿ ಅದನ್ನು ಮುಟ್ಟದೆ ಬಹಳ ದಿನ ಕಳೆದಳು. ಡಬ್ಬಿಯಲ್ಲಿ ಇಬ್ಬರಿಗಾಗುವಷ್ಟು ಊಟ ತಂದು, ಅರ್ಧ ಹಾಗೇ ಮನೆಗೆ ಒಯ್ಯುತ್ತಿದ್ದಳು. ಅಳತೆ ಕಡಿಮೆ ಮಾಡಲು ಕೈ ಬಂದಿರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಆ ಕಲ್ಲನ್ನು ತರಿಸಿ ಹಾಳೆಯ ಮೇಲಿಟ್ಟಳು. ಗೆರೆ ಕೂಡಲಿಲ್ಲ. ಒಂದು ಕಡೆ ಅಕ್ಕಿಕಾಳಿನಷ್ಟು ಹೊರಗೆ, ಇನ್ನೊಂದು ಕಡೆ ಅಷ್ಟೇ ಒಳಗೆ. ತುದಿಯೂ ಕೂದಲೆಳೆಯಷ್ಟು ವಾಲಿತ್ತು. ಬೇರೆಯವರ ಕಣ್ಣಿಗೆ ಬೀಳುವ ತಪ್ಪಲ್ಲ, ಆದರೆ ಅಕ್ಕನ ಗೆರೆ ಅಷ್ಟೂ ತಪ್ಪಿದ್ದಿಲ್ಲ. ಕೊನೆಗಾಲಕ್ಕೆ ಕೈ ನಡುಗಿತ್ತೇನೋ, ತನಗೆ ಹೇಳದೆ ನುಂಗಿಕೊಂಡಳೇನೋ ಎಂದುಕೊಂಡು ತಂಗಿ ಕಲ್ಲನ್ನು ಎತ್ತಿ ಮತ್ತೊಮ್ಮೆ ಇಟ್ಟು ನೋಡಿದಳು.

ಪುಸ್ತಕದ ಕೆಲಸ ನೋಡಿಕೊಳ್ಳುತ್ತಿದ್ದ ಮೇಡಂ ಬಂದು ನೋಡಿದರು. ಒಳ್ಳೆಯ ಹೆಂಗಸು, ಗದರಲಿಲ್ಲ.

"ಇದನ್ನ ಬಿಟ್ಬಿಡಿ. ಪಾಪ, ಅವರಿಗೆ ಆಗ ಆಗ್ತಿರ್ಲಿಲ್ಲ ಅನ್ಸತ್ತೆ. ಇದೊಂದಕ್ಕೆ ಫೋಟೋ ಹಾಕೋಣ."

"ನಾಳೆ ಸಂಜೆವರೆಗೆ ಇರ್ಲಿ ಮೇಡಂ."

ಆಗಲಿ ಎಂದು ಅವರು ಹೋದರು. ಹೊಸದಾಗಿ ಹೊರಗೆರೆ ಎಳೆಯುವುದು ತಂಗಿಗೆ ಬಾರದ್ದೇನಲ್ಲ. ಎಳೆದರೆ ಅಕ್ಕನ ಕೊನೆಯ ಗೆರೆ ಕಸದ ಬುಟ್ಟಿಗೆ, ಎಳೆಯದಿದ್ದರೂ ಅಲ್ಲಿಗೇ. ಅಕ್ಕನಿಗೆ ಆಗುತ್ತಿರಲಿಲ್ಲ ಅನ್ನುವ ಮಾತು ಮಾತ್ರ ಉಳಿಯುತ್ತದೆ.

ಮರುದಿನ ಪೆನ್ಸಿಲ್ ಮುಟ್ಟಲಿಲ್ಲ. ಅಕ್ಕ ಮಾಡುತ್ತಿದ್ದ ಹಾಗೆ ಕಲ್ಲನ್ನು ಅಂಗೈಗೆ ತೆಗೆದುಕೊಂಡು ಕೂತಳು. ತಾನು ಇಷ್ಟು ವರ್ಷ ಕಲ್ಲುಗಳನ್ನು ಕಣ್ಣಿಂದಲೇ ನೋಡಿದ್ದು, ಕೈಯಿಂದ ನೋಡಿರಲಿಲ್ಲ ಎಂದು ಹೊಳೆಯಿತು. ಕಲ್ಲು ತಣ್ಣಗಿತ್ತು, ನೋಡಿದ್ದಕ್ಕಿಂತ ಭಾರವಿತ್ತು. ಹೀಗೆ ಹಿಡಿದಳು, ಬೆರಳಿಗೆ ಏಣು ಒತ್ತಿತು. ಮಗುಚಿ ಹಿಡಿದಳು. ಹೆಬ್ಬೆರಳು ತಾನಾಗಿ ಹೋಗಿ ಒಂದು ಗುಳಿಯಲ್ಲಿ ಕೂತಿತು, ಬುಡ ಅಂಗೈ ತುಂಬಿತು, ಇನ್ನು ಬೀಳುವ ಮಾತೇ ಇಲ್ಲ. ಅದನ್ನು ಮಾಡಿದವನೋ ಮಾಡಿದವಳೋ, ಹೆಬ್ಬೆರಳಿಗೆಂದೇ ಆ ಚಕ್ಕೆ ಎಬ್ಬಿಸಿದ ಹಾಗಿತ್ತು.

ಆ ಹೆಬ್ಬೆರಳಿನ ಪಕ್ಕದಲ್ಲೇ ನಂಬರು ಕಾಣಿಸಿತು.

ತಂಗಿ ಕಲ್ಲನ್ನು ಬೆಳಕಿಗೆ ಹಿಡಿದಳು. ಕಲ್ಲಿನ ನಂಬರನ್ನು ಬೆನ್ನಿಗೆ ಬರೆಯುವುದು ಅಲ್ಲಿಯ ಪದ್ಧತಿ. ನಂಬರು ಕೆಳಗೆ ಮಾಡಿ ಇಟ್ಟರೆ ಕಲ್ಲು ಮುಖ ಮೇಲಾಗಿ ಕೂತಂತೆ. ನಿನ್ನೆ ಅವಳೂ ಹಾಗೇ ಇಟ್ಟಿದ್ದಳು. ಆದರೆ ಹೆಬ್ಬೆರಳು ಕೂರುವ ಮಗ್ಗುಲನ್ನೇ ಅಕ್ಕ ಯಾವತ್ತೂ ಮುಖವೆಂದು ಹಿಡಿಯುತ್ತಿದ್ದದ್ದು.

ಉಗ್ರಾಣಕ್ಕೆ ಹೋಗಿ, ಇದರ ನಂಬರು ಯಾರು ಬರೆದದ್ದೆಂದು ಕೇಳಿದಳು. ಉಗ್ರಾಣದವನು ಕನ್ನಡಕ ಹಣೆಗೇರಿಸಿದ.

"ನಾನೇ. ಹಳೇದು ಅಳಿಸಿಹೋಗಿತ್ತು, ಅಕ್ಕ ವಾಪಸ್ ಕೊಟ್ಟ ಮೇಲೆ ತೊಳೆದು ಹೊಸದಾಗಿ ಬರೆದೆ. ಯಾಕೆ ತಂಗಿ, ಅಕ್ಷರ ಚೆನ್ನಾಗಿಲ್ವಾ?"

"ಅಕ್ಷರ ಚೆನ್ನಾಗಿದೆ ಅಣ್ಣ. ಬೆನ್ನಿಗೆ ಬರೆಯೋದು ಬಿಟ್ಟು ಮುಖಕ್ಕೆ ಬರೆದಿದ್ದೀಯಲ್ಲ."

"ಎಲ್ಲಿ ನುಣುಪಿತ್ತೋ ಅಲ್ಲಿ ಬರೆದೆ. ಮುಖಕ್ಕೂ ಬೆನ್ನಿಗೂ ವ್ಯತ್ಯಾಸ ಕಾಣೋಕೆ ಅದೇನು ಮದುವೆ ಹೆಣ್ಣಾ?"

ಅವಳಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು.

ಮೇಜಿಗೆ ಬಂದು ಕಲ್ಲನ್ನು ಮಗುಚಿ ಹಾಳೆಯ ಮೇಲೆ ಇಳಿಸಿದಳು. ಗೆರೆ ಸುತ್ತಲೂ ಕೂತಿತು. ಹೊರಗಿದ್ದದ್ದು ಒಳಬಂತು, ವಾಲಿದ್ದ ತುದಿ ತುದಿಗೆ ಸೇರಿತು. ಎಡಬಲ ಅಷ್ಟು ಸಮವಾಗಿದ್ದ ಕಲ್ಲು, ತಿರುವುಮುರುವಾದರೂ ಪೂರ್ತಿ ತಪ್ಪೆಂದು ಕಾಣದೆ, ನಡುಗಿದ ಕೈಯ ಹಾಗೆ ಕಂಡಿತ್ತು. ಅಕ್ಕನ ಕೈ ನಡುಗಿರಲಿಲ್ಲ. ನಾಳೆ ಆಸ್ಪತ್ರೆಗೆ ಹೋಗಬೇಕೆಂದು ಗೊತ್ತಿದ್ದೂ ಅವಳು ಅದೇ ಒಂದೇ ಉಸಿರಿಗೆ ಗೆರೆ ಎಳೆದಿದ್ದಳು.

ಸಂಜೆ ಮೇಡಂ ಬರುವಷ್ಟರಲ್ಲಿ ತಂಗಿ ಒಳಗೆರೆಗಳನ್ನು ಮುಗಿಸುತ್ತ ಬಂದಿದ್ದಳು. ಅವರಿಗೆ ಕಲ್ಲನ್ನು ಇಟ್ಟು ತೋರಿಸಿದಳು. ಅವರು ಬಗ್ಗಿ ಸುತ್ತಲೂ ನೋಡಿ, ಹಾಗಾದರೆ ಫೋಟೋ ಬೇಡ ಎಂದರು. ಹೊರಡುವ ಮುನ್ನ ಎದುರಿನ ಖಾಲಿ ಕುರ್ಚಿಯನ್ನು ಒಮ್ಮೆ ನೋಡಿದರು.

ಅವರು ಹೋದ ಮೇಲೆ ಹೆಬ್ಬೆರಳಿನ ಗುಳಿಯೊಂದು ಉಳಿದಿತ್ತು. ಅದಕ್ಕೂ ನೆರಳು ತುಂಬಿದಳು. ಅಭ್ಯಾಸದಂತೆ ಹಾಳೆಯನ್ನು ಮೇಜಿನ ಆ ಕಡೆಗೆ ತಿರುಗಿಸಿದಳು. ತಿರುಗಿಸಿದ ಮೇಲೆ ನೆನಪಾಯಿತು, ಆದರೂ ವಾಪಸ್ಸು ಎಳೆದುಕೊಳ್ಳಲಿಲ್ಲ. ಅದನ್ನು ಆ ಕುರ್ಚಿಗೆ ಮುಖವಾಗಿ ಹಾಗೇ ಬಿಟ್ಟು, ನಲ್ಲಿಯ ಹತ್ತಿರ ಹೋಗಿ ಪೆನ್ನಿನ ನಿಬ್ಬು ತೊಳೆಯತೊಡಗಿದಳು. ಶಾಯಿ ಆಗಲೇ ಹೋಗಿತ್ತು. ನೀರು ಬಿಟ್ಟುಕೊಂಡು ಇನ್ನೂ ತೊಳೆಯುತ್ತಲೇ ಇದ್ದಳು.