ಅಂದಪ್ಪನ ಅಚ್ಚಿನಂಗಡಿಯ ರೈಲು

ಲಕ್ಷ್ಮೇಶ್ವರದ ಬಜಾರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂದಪ್ಪನ ಬೆರಳುಗಳಿಗೆ ಅವಸರ ಜಾಸ್ತಿ. ಅಂಗಡಿಯ ಹಳೇ ಕಂಪ್ಯೂಟರಿಗೆ ಮಗಳು ಶಾಂಭವಿ ಲಿನಕ್ಸ್ ಎಂಬ ಬಿಟ್ಟಿ ಸಾಫ್ಟ್‌ವೇರ್ ಹಾಕಿಕೊಟ್ಟು, "ಫೈಲ್ ನೋಡಾಕ ಎಲ್, ಎಸ್ ಒತ್ತಪ್ಪಾ" ಎಂದು ಕಲಿಸಿ ಗದಗಿನ ಕಾಲೇಜಿಗೆ ಹೋಗಿದ್ದಳು. ಅಪ್ಪ ಅದನ್ನು ಹಿಂದುಮುಂದು ಮಾಡಿ ಒತ್ತುತ್ತಾನೆಂದು ಗೊತ್ತಿದ್ದೇ ಇನ್ನೊಂದು ಸಣ್ಣ ಪ್ರೋಗ್ರಾಮನ್ನೂ ಗುಟ್ಟಾಗಿ ಸೇರಿಸಿದ್ದಳು.

ಮೊಮ್ಮಗಳ ಲಗ್ನಪತ್ರಿಕೆಗೆಂದು ತಿಪ್ಪವ್ವ ಬಂದು ಕುಂತಿದ್ದಾಗ ಅಂದಪ್ಪ ಎಸ್, ಎಲ್ ಒತ್ತಿಬಿಟ್ಟ. ಕರೀ ಪರದೆಯ ಬಲತುದಿಯಿಂದ, ಬರೀ ಗೀಟು-ಚುಕ್ಕಿಗಳಲ್ಲಿ ಬರೆದ ರೈಲೊಂದು ಹೊಗೆಯುಗುಳುತ್ತ ಹೊರಟಿತು. ಅಂದಪ್ಪ ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದ. ಅದು ನಿಲ್ಲಲಿಲ್ಲ. ಮಗಳಿಗೆ ಫೋನ್ ಹಚ್ಚಿದ.

"ಶಾಂಭವಿ, ಕಂಪ್ಯೂಟರ್‌ನ್ಯಾಗ ರೈಲು ಹೊಂಟೈತಿ. ನಿಲ್ಲಸೂದು ಹೆಂಗ?"

"ನಿಲ್ಲಂಗಿಲ್ಲಪ್ಪಾ. ತಪ್ಪಿ ಎಸ್ ಮೊದಲ ಒತ್ತೀದಿ. ದಾಟಿ ಹೋಗೂತನಾ ಸುಮ್ಮನ ಕುಂಡ್ರು."

ತಿಪ್ಪವ್ವ ಆಗಲೇ ಕುರ್ಚಿ ಮುಂದಕ್ಕೆಳೆದುಕೊಂಡಿದ್ದಳು. "ಈ ಊರಿಗೆ ರೈಲು ಬರತೈತಿ ಅಂತ ನಾ ಲಗ್ನ ಆಗಿ ಬಂದಾಗಿಂದ ಕೇಳಾಕತ್ತೇನಿ, ಅಂದಪ್ಪಾ. ಖರೇನ ಬಂತಲ್ಲ. ಇನ್ನೊಮ್ಮೆ ಬಿಡು."

ಅಂದಪ್ಪ ಒತ್ತಿದ. ಫೈಲುಗಳ ಹೆಸರು ಬಂದವು. ಮತ್ತೆ ಒತ್ತಿದ, ಮತ್ತೆ ಫೈಲುಗಳೇ. ಬೇಕಂತಲೇ ತಪ್ಪು ಮಾಡಿ ಅವನಿಗೆ ರೂಢಿಯಿರಲಿಲ್ಲ. ಕಡೆಗೊಮ್ಮೆ ರೈಲು ಬಂದಾಗ ತಿಪ್ಪವ್ವ ಹಟ ಹಿಡಿದಳು.

"ಇದನ್ನ ಪತ್ರಿಕಿ ಮ್ಯಾಲ ಹಾಕು."

"ಅಲ್ಲೆ ಗಣಪ್ಪ ಇರತಾನಬೇ ಯವ್ವಾ."

"ಗಣಪ್ಪ ಮ್ಯಾಲ ಇರಲಿ. ರೈಲು ಕೆಳಗ ಹೋಗಲಿ."

ಹಾಗೇ ಆಯಿತು. 'ಲಗ್ನದ ಸ್ಥಳ: ಲಕ್ಷ್ಮೇಶ್ವರ' ಎಂಬುದರ ಕೆಳಗೆ ರೈಲು, ಅದರ ಕೆಳಗೆ ಅಂಗಡಿಯ ಫೋನ್ ನಂಬರು. ಪತ್ರಿಕೆ ಹಂಚಿದ್ದೇ ತಡ, ದೂರದೂರದ ನೆಂಟರು ಗದಗಿನಿಂದ ರೈಲು ಎಷ್ಟೊತ್ತಿಗೆ ಎಂದು ಅಂದಪ್ಪನನ್ನೇ ಕೇಳತೊಡಗಿದರು. "ರೈಲಿಲ್ರಿ, ಬಸ್ಸಿಗೆ ಬರ್ರಿ" ಎಂದು ಹೇಳಿ ಹೇಳಿ ಅವನ ಗಂಟಲು ಕಟ್ಟಿತು. ಒಬ್ಬಾತನಂತೂ, "ಮತ್ತ ಸುಳ್ಳ ಯಾಕ ಅಚ್ಚ ಹಾಕೀರಿ?" ಎಂದು ದಬಾಯಿಸಿದ.

ಫೋನ್ ಮಾಡದೇ ಹೊರಟವರು ಸೊಲ್ಲಾಪುರದ ಬೀಗರು, ವರನ ಸೋದರಮಾವನ ಮನೆಯವರು. ಲಗ್ನದ ದಿನ ಗದಗ ನಿಲ್ದಾಣದಲ್ಲಿ ಇಲ್ಲದ ಗಾಡಿಗೆ ಕಾದು, ಕಡೆಗೆ ಶಿರಹಟ್ಟಿ ಮೇಲೆ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಬಂದರು. ಅಷ್ಟರಲ್ಲಿ ಅಕ್ಕಿಕಾಳು ಬಿದ್ದು ಲಗ್ನ ಮುಗಿದಿತ್ತು.

"ರೈಲು ತಡಾ ಆದ್ರ ನಾವೇನ್ ಮಾಡೂದ್ರಿ," ಎನ್ನುತ್ತ ತಿಪ್ಪವ್ವ ಹಿರಿಯ ಬೀಗರನ್ನು ಊಟದ ಪಂಕ್ತಿಗೆ ಕರೆತಂದು, ಸರಿಯಾಗಿ ಅಂದಪ್ಪನ ಮಗ್ಗುಲಿಗೇ ಕೂರಿಸಿದಳು.

"ಆ ಪತ್ರಿಕಿ ಅಚ್ಚ ಹಾಕಿದಾಂವ ಯಾರ್ರಿ?" ಬೀಗರು ಕೇಳಿದರು. "ಭೆಟ್ಟಿ ಆಗಬೇಕಿತ್ತು."

ಅಂದಪ್ಪ ತಲೆಯೆತ್ತದೆ ತುಪ್ಪದ ಬಟ್ಟಲನ್ನು ಅವರತ್ತ ಸರಿಸಿದ.

"ಮೊದಲ ಹೋಳಿಗಿ ಉಣ್ರಿ. ಆರತಾವ."