ಕುದುರೆ ಹಗ್ಗದ ಬಣ್ಣ

ಕೆಂಪು ಬೇಡ. ಅಸ್ಖಾತ್ ಮೌಸನ್ನು ಎಳೆದು ಗೆರೆಯನ್ನು ಹಳದಿ ಮಾಡಿದ. ಹಳದಿ ತೀರಾ ಹಬ್ಬದಂತೆ ಕಂಡಿತು. ಬೂದು ಮಾಡಿದ. ಬೂದು ಅಪ್ಪನ ಕೋಟಿನ ಬಣ್ಣ. ಅದನ್ನೂ ಅಳಿಸಿದ.

ತಾರಾಲಯದ ಗುಮ್ಮಟದ ತುಂಬ ಕಂಪ್ಯೂಟರಿನ ಆಕಾಶ ಹರಡಿಕೊಂಡಿತ್ತು. ಮುಂದಿನ ವಾರದಿಂದ ಅಲ್ಮಾಟಿಯ ಮಕ್ಕಳಿಗೆ ಗ್ರೀಕರ ಕರಡಿ ನಕ್ಷತ್ರಪುಂಜಗಳ ಬದಲು ತಮ್ಮ ಅಜ್ಜಂದಿರ ಆಕಾಶ ತೋರಿಸಬೇಕು. ನಡುವೆ ಅಲುಗದ ಧ್ರುವನಕ್ಷತ್ರ, ಅದು ಕಬ್ಬಿಣದ ಗೂಟ. ಗೂಟಕ್ಕೆ ಕಟ್ಟಿದ ಎರಡು ಬಿಳಿ ಕುದುರೆಗಳು. ಅವನ್ನು ಕದಿಯಲು ಸುತ್ತುವ ಏಳು ಕಳ್ಳರು, ಅಂದರೆ ಸಪ್ತರ್ಷಿ ಮಂಡಲ. ಕಳ್ಳರಿಗೆ ಹಸಿರು, ಕುದುರೆಗಳಿಗೆ ಬಿಳಿ ಎಂದು ಬೆಳಗ್ಗೆಯೇ ತೀರ್ಮಾನವಾಗಿತ್ತು. ಹಗ್ಗದ ಗೆರೆಯೊಂದು ಉಳಿದಿತ್ತು.

ಕಥೆಯೆಲ್ಲ ಅಪ್ಪ ಹೇಳಿದ್ದು. ಅದನ್ನು ತಂತ್ರಾಂಶಕ್ಕೆ ತುಂಬಿದ್ದಕ್ಕೆ, ಬೇರು ಮರೆಯದ ಹುಡುಗ ಎಂದು ಅಸ್ಖಾತ್ ಕಚೇರಿಯಲ್ಲಿ ಹೊಗಳಿಸಿಕೊಂಡಿದ್ದ.

ನಿರ್ದೇಶಕ ಸಾಗಿಂಬೆಕ್ ಚಹಾದ ಬಟ್ಟಲು ಹಿಡಿದು ಬಂದರು.

“ಏನಯ್ಯಾ, ಒಂದು ಹಗ್ಗಕ್ಕೆ ಸೊಸೆ ಹುಡುಕಿದ ಹಾಗೆ ಬಣ್ಣ ಹುಡುಕ್ತಿದ್ದೀಯಲ್ಲ! ಇವತ್ತು ನಿಮ್ಮಪ್ಪನ ವರ್ಷದ ಊಟ ಅಲ್ವಾ? ರಜಾ ಕೊಟ್ಟಿದ್ದೆನಲ್ಲ?”

“ಇದೊಂದು ಮುಗಿಸಿ ಹೊರಡ್ತೀನಿ ಸಾರ್.”

“ಮುಗಿಯೋ ಕೆಲಸಾನಾ ಇದು?”

ಅಸ್ಖಾತ್ ನಕ್ಕ. ನಕ್ಕದ್ದಕ್ಕೆ ನಾಚಿಕೆಯಾಯಿತು.

ಫೋನು ಅದುರಿತು. ಊರಿನಿಂದ ಅಕ್ಕ, ಕುಲ್ಯಾಶ್.

“ಎಲ್ಲಿದ್ದೀಯೋ?”

“ಕೆಲಸ ಅಕ್ಕಾ. ಇಲ್ಲಿ ಬಿಡ್ತಿಲ್ಲ.”

ಸಾಗಿಂಬೆಕ್ ತಲೆಯೆತ್ತಿ ಗುಮ್ಮಟ ನೋಡತೊಡಗಿದರು.

“ಜನ ಎಲ್ಲ ಬಂದಾಯ್ತು. ಹಂಡೆ ನೀರು ಕುದ್ದೂ ಕುದ್ದೂ ಅರ್ಧ ಆಯ್ತು. ಅಪ್ಪನ ಕುದುರೆ ಗೂಟಕ್ಕೆ ಕಟ್ಟಿದೀವಿ. ನೀನು ಬಂದು ಹಗ್ಗ ಹಿಡೀದೆ ಚಾಕು ಮುಟ್ಟಲ್ಲ ಅಂತಿದಾರೆ ದೊಡ್ಡಪ್ಪ.”

“ಅವರೇ ಹಿಡೀಲಿ.”

“ಅವರೇನು ಮಗನಾ?”

ಅವನು ಮೌಸನ್ನು ಮತ್ತೆ ಹಗ್ಗದ ಗೆರೆಯ ಮೇಲೆ ತಂದ.

“ಅಪ್ಪನ್ನ ಮಣ್ಣು ಮಾಡೋವಾಗ್ಲೂ ಕೆಲಸ ಅಂದೆ” ಎಂದಳು ಅಕ್ಕ. ದನಿಯಲ್ಲಿ ಬೈಗುಳವಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ದಿನ ಕೆಲಸವೇನೂ ಇರಲಿಲ್ಲ. ಸತ್ತ ಅಪ್ಪನ ಮುಖ ನೋಡಲು ಹೆದರಿ, ನಿಲ್ದಾಣದಲ್ಲಿ ಒಂದಾದ ಮೇಲೊಂದು ಬಸ್ಸು ಬಿಡುತ್ತ ಕೂತಿದ್ದ. ಊರು ಸೇರಿದಾಗ ಗೋರಿಯ ಮೇಲಿನ ಮಣ್ಣು ಒಣಗಿತ್ತು. ಮಗನ ಪಾಲಿಗೆ ಉಳಿದದ್ದು ಕತ್ತರಿ. ಸಾವಿನ ಗುರುತಾಗಿ ಅಪ್ಪನ ಬಿಳಿ ಕುದುರೆಯ ಕತ್ತಿನ ಕೂದಲನ್ನೂ ಬಾಲದ ಕೂದಲನ್ನೂ ಅವನೇ ಕತ್ತರಿಸಿದ. ಒಡೆಯ ಸತ್ತ ಕುದುರೆಯನ್ನು ಆಮೇಲೆ ಯಾರೂ ಹತ್ತುವಂತಿಲ್ಲ. ವರ್ಷ ತಿರುಗಿದ ಮೇಲೆ ಸತ್ತವನ ಹೆಸರಿನ ಊಟಕ್ಕೆ ಅದನ್ನೇ ಕಡಿಯಬೇಕು. ಕತ್ತರಿ ಆಡುವಾಗ ಕುದುರೆ ಅವನ ತೋಳನ್ನು ಮೂಸಿ ಸುಮ್ಮನೆ ನಿಂತುಕೊಂಡಿತ್ತು. ಅಪ್ಪನೇ ಎಂದುಕೊಂಡಿತೋ ಏನೋ. ಅದರ ಎದುರು ಮತ್ತೆ ನಿಲ್ಲುವ ಮುಖ ಅವನಿಗಿರಲಿಲ್ಲ.

“ನೋಡ್ತೀನಿ” ಎಂದು ಫೋನು ಇಟ್ಟ.

ಸಾಗಿಂಬೆಕ್ ಚಹಾ ಮುಗಿಸಿದ್ದರು. “ನಾನಾ ಬಿಡದೆ ಇರೋದು?” ಎಂದಷ್ಟೇ ಕೇಳಿದರು. ಉತ್ತರಕ್ಕೆ ಕಾಯದೆ ಹೋದರು.

ನೀಲಿ ಹಾಕಿದ. ಕಂದು ಹಾಕಿದ. ಕಂದು ನಿಜವಾದ ಹಗ್ಗದ ಹಾಗೇ ಇತ್ತು; ಅಂಗೈ ಉರಿದಂತಾಗಿ ಬೇಗ ತೆಗೆದ. ಕೊನೆಗೆ ಗೆರೆಯೊಳಗಿನ ಕೆಂಪು, ಹಸಿರು, ನೀಲಿ ಮೂರರ ಅಂಕಿಯನ್ನೂ ಸೊನ್ನೆಗೆ ಇಳಿಸಿದ. ಕಪ್ಪು ಆಕಾಶದಲ್ಲಿ ಕಪ್ಪು ಗೆರೆ. ಹಗ್ಗ ಮಾಯವಾಯಿತು. ಅವನಿಗೆ ಹಾಯೆನಿಸಿತು. ಹಾಗೆನಿಸಿದ್ದೇ ತಪ್ಪು ಎಂದೂ ಅನಿಸಿತು.

ಸಂಜೆ ಮತ್ತೆ ಅಕ್ಕನ ಫೋನು.

“ಜನ ಬರೀ ಚಹಾ ಕುಡಿದು ಎದ್ದು ಹೋದರು ಕಣೋ. ಕುದುರೆ ಹಾಗೇ ಇದೆ. ಹುಲ್ಲು ಮೂಸಲ್ಲ, ಗೂಟ ಸುತ್ತುತಾ ಇದೆ. ನೀನು ಬರೋವರೆಗೂ ಬಿಚ್ಚಬೇಡಿ ಅಂದಿದಾರೆ ದೊಡ್ಡಪ್ಪ.”

“ನಾಳೆ…” ಎಂದ.

ಅತ್ತ ಕಡೆ ಫೋನು ಆಗಲೇ ಕಟ್ಟಾಗಿತ್ತು.

ನಾಳೆ ಬೇಗ ಬರಲೆಂದೋ, ಬಂದು ಹೋಗಲೆಂದೋ, ಅಸ್ಖಾತ್ ತಂತ್ರಾಂಶದ ಕಾಲವನ್ನು ಮುಂದಕ್ಕೆ ಓಡಿಸಿದ. ಗುಮ್ಮಟದಲ್ಲಿ ರಾತ್ರಿ ಹಗಲುಗಳು ಉರುಳಿದವು. ಬಿಳಿ ಕುದುರೆಗಳನ್ನು ಈಗ ಯಾವ ಗೆರೆಯೂ ಹಿಡಿದಿರಲಿಲ್ಲ. ಆದರೂ ಅವು ಒಂದಂಗುಲವೂ ಆಚೆ ಸರಿಯದೆ ಗೂಟವನ್ನು ಸುತ್ತುತ್ತಿದ್ದವು.