ಸಿಪ್ಪಿಯೋ ಸಿಪ್ಪೆಯೋ

ನನ್ನ ಗಂಡ ದೇವರಾಜನ್‌ಗೆ ಎರಡು ಹುಚ್ಚು. ಒಂದು ಮನೆ ಕಟ್ಟುವುದು, ಇನ್ನೊಂದು ಮೀನು ಹಿಡಿಯುವುದು. ಎಂಬತ್ತಾರನೇ ಇಸವಿಯಲ್ಲಿ ಎರಡೂ ಒಟ್ಟಿಗೆ ತಲೆಗೇರಿದವು.

ಅಲ್ಲಿಯವರೆಗೆ ನಾವಿದ್ದದ್ದು ತಮಿಳು ಸೀಮೆಯ ಕರುಮತ್ತಂಪಟ್ಟಿಯಲ್ಲಿ, ಕನ್ನಡ ಮಾತಾಡುವ ನೇಕಾರರ ಮಗ್ಗದ ಬೀದಿಯ ಅತ್ತೆಯ ಮನೆಯ ಹಿಂದಿನ ಕೋಣೆಯಲ್ಲಿ. ಗೋಡೆಗೆ ಗೋಡೆ ಅಂಟಿದ ಮನೆಗಳು. ಇಲ್ಲಿ ಸೀನಿದರೆ ಪಕ್ಕದ ಮನೆಯವರು ‘ನೂರು ವರ್ಷ’ ಎಂದು ಹರಸುತ್ತಿದ್ದರು. ಇವರು ಅಲ್ಲಿಂದ ಮುಕ್ಕಾಲು ಮೈಲಿ ದೂರದ ಬಟ್ಟಬಯಲಿನಲ್ಲಿ ತಾರಸಿ ಮನೆ ಕಟ್ಟಿಸಿ ನನ್ನನ್ನು ತಂದು ಕೂರಿಸಿದರು. ನಲ್ಲಿ, ಮೊಸಾಯಿಕ್ ನೆಲ, ಎಲ್ಲ ಇತ್ತು. ಮನುಷ್ಯರಿರಲಿಲ್ಲ. ಬೆಳಗ್ಗೆ ಇವರು ಮಗ್ಗಕ್ಕೆ ಹೋದರೆ ಸಂಜೆಯವರೆಗೆ ನನ್ನ ಜೊತೆ ಮಾತಾಡುತ್ತಿದ್ದದ್ದು ಪ್ರೆಶರ್ ಕುಕ್ಕರ್ ಒಂದೇ. ಆರು ತಿಂಗಳು ಸಹಿಸಿದೆ. ಬರುವ ಪೊಂಗಲ್‌ಗೆ ತವರಿಗೆ ಹೋದರೆ ತಿರುಗಿ ಈ ಮನೆಗೆ ಬರುವುದಿಲ್ಲ ಎಂದು ಹೇಳಿಬಿಟ್ಟೆ. ಹೆದರಿಸಲು ಹೇಳಿದ ಮಾತಲ್ಲ.

“ಇಂತ ಮನೆಗೆ ಏನು ಕೊರತೆ, ಮಲ್ಲಿಗಾ?” ಎಂದು ಅವರು ನಿಜವಾಗಿಯೂ ಅರ್ಥವಾಗದೆ ಕೇಳಿದರು.

ಅಷ್ಟರಲ್ಲಿ ಊರ ಕೆರೆಯ ಏರಿಯ ಮೇಲೆ ಮೀನು ಸಾಕುವವರ ಸಭೆ ನಡೆಯಿತು. ತೂತುಕುಡಿಯಿಂದ ಬಂದಿದ್ದ ಒಬ್ಬರು, ತಮ್ಮ ಕಡಲಿನಲ್ಲಿ ಹಾಳಾದ ಚಿಪ್ಪಿನ ದಿಬ್ಬಗಳ ಮೇಲೆ ಮತ್ತೆ ಚಿಪ್ಪು ಸುರಿದರೆ ಸಂದುಗೊಂದುಗಳಿಗೆ ಮೀನು ಬಂದು ಸೇರುತ್ತವೆ ಎಂದು ತಮಿಳಿನಲ್ಲಿ ವಿವರಿಸಿದರು. ಇವರು ಅಲ್ಲಿಂದ ನೇರ ತಾಯಿಯ ಬಳಿ ಓಡಿದರು.

“ಅವ್ವಾ, ಕೆರೆಗೆ ಸಿಪ್ಪಿ ಹಾಕಿದ್ರೆ ಮೀನು ಬತ್ತದಂತೆ.”

ಸಿಪ್ಪಿ ಎಂದರೆ ತಮಿಳಿನಲ್ಲಿ ಚಿಪ್ಪು. ನಮ್ಮ ಮನೆಮಾತಾದ ಕನ್ನಡದಲ್ಲಿ ಸಿಪ್ಪೆ ಎಂದರೆ ತೆಂಗಿನಕಾಯಿ ಸುಲಿದಾಗ ಉಳಿಯುವುದು. ನನ್ನ ಅತ್ತೆ ಕಮಲಾತಾಳ್‌ಗೆ ಕಿವಿ ಸ್ವಲ್ಪ ಮಂದ, ಮಗನ ಮೇಲೆ ಮಮತೆ ಜಾಸ್ತಿ.

ಇವರು ಸುಣ್ಣದ ಗೂಡಿನಿಂದ ಚಿಪ್ಪು ತಂದು, ಬಲೆಚೀಲಕ್ಕೆ ತುಂಬಿ, ಕೆರೆಯ ನಡುವೆ ಕಸಕಡ್ಡಿಯಿಲ್ಲದ ಚೊಕ್ಕ ಜಾಗ ಹುಡುಕಿ ಇಳಿಬಿಟ್ಟರು. ಮಾರನೆಯ ದಿನ ಅತ್ತೆ, ಮಗನಿಗೆ ಸಹಾಯವಾಗಲಿ ಎಂದು, ಇನ್ನೊಂದು ಚೀಲದ ತುಂಬ ತೆಂಗಿನ ಸಿಪ್ಪೆ ತುಂಬಿ ಕಲ್ಲು ಕಟ್ಟಿದರು. ಮೊಣಕಾಲಿನಾಚೆ ನೀರಿಗಿಳಿಯಲು ಧೈರ್ಯವಿಲ್ಲದೆ ದಡದ ಜೊಂಡಿನ ಅಂಚಿನಲ್ಲೇ ಮುಳುಗಿಸಿ ಬಂದರು. ವಿಷಯ ತಿಳಿದು ಇವರು ಬೀದಿಗೆಲ್ಲ ಹೇಳಿಕೊಂಡು ನಕ್ಕರು.

ತಿಂಗಳ ನಂತರ ನೋಡಿದರೆ ಇವರ ಚಿಪ್ಪಿನಲ್ಲಿ ಒಂದು ಏಡಿ. ಅತ್ತೆಯ ಸಿಪ್ಪೆಯ ಸುತ್ತ ಜಿಲೇಬಿ ಮೀನು, ಗೆಂಡೆ ಮೀನಿನ ಮರಿ, ಒಂದು ದಪ್ಪ ವಿರಾಲ್ ಮೀನು ಕೂಡ. ಇವರ ಮುಖ ಸಪ್ಪಗಾಯಿತು. ಸಿಪ್ಪೆಯೇ ಮೇಲು ಎಂದು ತೀರ್ಮಾನಿಸಿ, ಸಿಪ್ಪೆಯನ್ನು ಕೆರೆಯ ನಡುವಿಗೆ ಒಯ್ದರು. ಸೋತ ಚಿಪ್ಪನ್ನು ಜೊಂಡಿನ ಪಕ್ಕ ಎಸೆದರು. ಹದಿನೈದು ದಿನಕ್ಕೆ ಮೀನೆಲ್ಲ ಚಿಪ್ಪಿನಲ್ಲಿ. ಸಿಪ್ಪೆ ಖಾಲಿ.

ಆ ಭಾನುವಾರ ನಾನು ಬುತ್ತಿ ಹೊತ್ತು ಏರಿಯ ಮೇಲೆ ನಿಂತಿದ್ದೆ. ಇವರು ಸೊಂಟದವರೆಗೆ ನೀರಿನಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಿದ್ದರು.

“ಎರಡೂ ಒಳ್ಳೆ ಮನೇನೇ. ಮತ್ತೆ ಈ ಮೀನಿಗೆ ಏನು ರೋಗ?”

“ನಡುವಲ್ಲಿ ಅದು ಏನು ತಿನ್ನಬೇಕು? ಮರಿ ಎಲ್ಲಿ ಬಿಡಬೇಕು? ಹೊರಗೆ ತಲೆ ಹಾಕಿದ್ರೆ ನೀರುಕಾಗೆ ಎತ್ತಿಕೊಂಡು ಹೋಗ್ತದೆ. ಇಲ್ಲಿ ಜೊಂಡು ಅದೆ, ಹುಳ ಅದೆ, ಜೊತೆಗೆ ನಾಲ್ಕು ಮೀನು ಅದೆ.”

“ಅಂದ್ರೆ ಮನೆ ಅಲ್ಲ, ಅಕ್ಕಪಕ್ಕ ಅಂತೀಯಾ?”

“ಇಷ್ಟು ದಿನದಿಂದ ನಾನೂ ಅದನ್ನೇ ಹೇಳ್ತಾ ಇದೀನಿ. ನೀವು ಮೊಸಾಯಿಕ್ ತೋರಿಸ್ತೀರಿ.”

ಅವರು ಸಿಪ್ಪೆಯ ಚೀಲವನ್ನು ಎತ್ತಿ ಜೊಂಡಿನ ಕಡೆಗೆ ಎಳೆದರು. ನಾನು ಕೋಪದಿಂದ ಹೇಳಿದ ಮಾತು, ಆದರೂ ನನಗೆ ಅಳು ಬಂತು. ಚೀಲವಾದರೆ ಎತ್ತಿ ಆಚೆ ಇಡಬಹುದು. ತಾರಸಿ ಮನೆಯನ್ನು ಯಾರು ಎತ್ತುತ್ತಾರೆ? ಅವತ್ತೇ ಪೊಂಗಲ್‌ಗೆ ಸೀರೆ ಮಡಚಿಡಲು ಶುರು ಮಾಡಿದೆ.

ಬುಧವಾರ ಬೆಳಗ್ಗೆ ಎತ್ತಿನ ಗಾಡಿಯೊಂದು ಬಂದು ಬಾಗಿಲಲ್ಲಿ ನಿಂತಿತು. ಅದರಲ್ಲಿ ಮಗ್ಗದ ಮನೆಯ ಕಂಡಿಕೆ ಯಂತ್ರ, ಲಾಳಿಯೊಳಗಿನ ಕಡ್ಡಿಗೆ ನೂಲು ಸುತ್ತುವಂಥದ್ದು. ಹಿಂದೆಯೇ ನೂಲು ಸುತ್ತುವ ಹೆಂಗಸರು, ಕಣ್ಣಮ್ಮ, ಚಂದ್ರಾ, ಇನ್ನಿಬ್ಬರು, ಬಿಸಿಲಿಗೆ ಬೈದುಕೊಂಡೇ ಬಂದರು. ಇವರು ನನ್ನ ಕಡೆ ನೋಡದೆ ಜಗುಲಿಯ ಮೇಲೆ ಯಂತ್ರ ಕೂರಿಸತೊಡಗಿದರು. ಇನ್ನು ಮೇಲೆ ಸುತ್ತುವ ಕೆಲಸವೆಲ್ಲ ಇಲ್ಲೇ, ದಿನವೂ ಸುತ್ತಿದ ಕಂಡಿಕೆಯನ್ನು ತಾವೇ ಸೈಕಲ್‌ನಲ್ಲಿ ಮಗ್ಗಕ್ಕೆ ಒಯ್ಯುತ್ತಾರಂತೆ. ಹೋಗಿ ಬರಲು ಒಂದೂವರೆ ಮೈಲಿ, ದಿನಾ ಎರಡು ಸಲ.

ಕಣ್ಣಮ್ಮ ಬಂದವಳೇ ಒಳಗೆಲ್ಲ ಸುತ್ತಾಡಿ, “ಏನು ಹುಡುಗಿ, ಅಡುಗೆಮನೆ ಹಿಂಗಾ ಇಟ್ಕೊಳೋದು?” ಎಂದಳು. ಆ ಮನೆಯಲ್ಲಿ ಗಂಡನಲ್ಲದೆ ಬೇರೊಬ್ಬರು ನನ್ನನ್ನು ಬೈದದ್ದು ಅದೇ ಮೊದಲು. ಸಂತೋಷಕ್ಕೆ ನಾನು ಎಲ್ಲರಿಗೂ ಟೀಗೆ ನೀರಿಟ್ಟೆ.

ಇವರು ಬೆವರು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಯಂತ್ರ ಗರಗರ ಶುರುವಾಗಿತ್ತು, ಅದರ ಮೇಲೆ ಹೆಂಗಸರ ಬಾಯಿ.

“ಪೊಂಗಲ್ ಆದ್ಮೇಲೆ ಬತ್ತೀಯಾ?”

“ಪೊಂಗಲ್‌ಗೆ ಹೋಗೋದೇ ಡೌಟು,” ಎಂದೆ. “ಇವರಿಗೆಲ್ಲ ಟೀ ಯಾರು ಕೊಡ್ತಾರೆ?”